ಅಪ್ಪನ ಕೋಣೆಯ ನಕ್ಷೆ

ಬೆಳಿಗ್ಗೆ ಕಂಪ್ಯೂಟರ್ ತೆರೆದವಳಿಗೆ ನಕ್ಷೆಯಲ್ಲಿ ಅಪ್ಪನ ಕೋಣೆ ಸಣ್ಣದಾದಂತೆ ಕಂಡಿತು. ಅವಳು ಎಳೆದ ಗೋಡೆ ಇದ್ದಲ್ಲೇ ಇತ್ತು. ಗಂಡ ಬರೆದ ಕಂಬ ಮಾತ್ರ ಊದಿಕೊಂಡು ಗೇಣಿನಷ್ಟು ಒಳಕ್ಕೆ ನುಗ್ಗಿತ್ತು.

"ಕಂಬಕ್ಕೆ ರಾತ್ರಿ ಊಟ ಜಾಸ್ತಿ ಹಾಕಿದ್ಯಾ?" ತಿರುಗದೆಯೇ ಕೇಳಿದಳು.

"ಮೇಲಿನ ಮಹಡಿ ಭಾರ ಹೊರಬೇಕಲ್ಲ. ಲೆಕ್ಕ ಹಾಗೆ ಬಂತು." ಬೆನ್ನ ಹಿಂದಿನ ಮೇಜಿನಿಂದ ಗಂಡನ ದನಿ.

"ಲೆಕ್ಕ ಯಾವಾಗ್ಲೂ ನಮ್ಮಪ್ಪನ ಕೋಣೆ ಕಡೆಗೇ ಯಾಕೆ ಬರುತ್ತೆ? ನಿನ್ನ ಓದೋ ಕೋಣೆ ದಾರಿ ಅದಕ್ಕೆ ಗೊತ್ತಿಲ್ವಾ?"

"ಮೊನ್ನೆ ನೀನು ಮೆಟ್ಟಿಲು ಕಿರಿದು ಮಾಡಿ ಆ ಕೋಣೆ ಹಿಗ್ಗಿಸಿದೆ. ನಾನು ಬಾಯಿ ಬಿಟ್ನಾ?"

"ಬಿಡ್ಲಿಲ್ಲ. ಮನಸ್ಸಲ್ಲಿ ಇಟ್ಕೊಂಡೆ. ಈಗ ಕಂಬದಲ್ಲಿ ತೀರಿಸ್ಕೊಂಡೆ."

ಇಬ್ಬರದೂ ಕಟ್ಟಡದ ನಕ್ಷೆ ಬರೆಯುವ ಕೆಲಸ. ಈ ಸಲ ಬರೆಯುತ್ತಿದ್ದುದು ತಾವೇ ಕಟ್ಟಿಸಲಿರುವ ಮನೆಯದು. ಗೋಡೆ, ಕಿಟಕಿ ಅವಳ ಫೈಲಿನಲ್ಲಿ. ಕಂಬ, ತೊಲೆ ಅವನ ಫೈಲಿನಲ್ಲಿ. ಬಾಗಿಲುಗಳು ಎರಡರಲ್ಲೂ ಇದ್ದವು, ಮೇಲೆ ಗೋಡೆಯ ಭಾರ ಹೊರುವ ಲಿಂಟಲ್ ಹಾಕಬೇಕಾದವನು ಅವನಾದ್ದರಿಂದ. ಅವಳ ನಕ್ಷೆಯ ಅಡಿಯಲ್ಲಿ ಅವನದು, ಅವನದರ ಅಡಿಯಲ್ಲಿ ಅವಳದು ಮಸುಕಾಗಿ ಕಾಣುವಂತೆ ಎರಡಕ್ಕೂ ಕೊಂಡಿ ಹಾಕಿದ್ದರು. ಇನ್ನೊಬ್ಬರದನ್ನು ನೋಡಬಹುದು, ಮುಟ್ಟುವಂತಿಲ್ಲ. ಅಲ್ಲಾದ ಬದಲಾವಣೆ ಕಾಣಬೇಕಾದರೆ ಕೊಂಡಿಯನ್ನು ಹೊಸದಾಗಿ ತೆರೆಯಬೇಕು. ಪರರ ಮನೆ ಬರೆಯುವಾಗ ಗಂಟೆಗೊಮ್ಮೆ ತೆರೆಯುತ್ತಿದ್ದವರು ಸ್ವಂತ ಮನೆಗೆ ಬಂದಾಗ ಬೆಳಿಗ್ಗೆ ಒಮ್ಮೆ ತೆರೆದು ಸುಮ್ಮನಾಗುತ್ತಿದ್ದರು. ತೆರೆದಷ್ಟೂ ಜಗಳ.

ಇವತ್ತು ನಕ್ಷೆ ನೋಡಲು ಅಪ್ಪ ಬರುವವರಿದ್ದರು. ಬಸ್ ಕಂಡಕ್ಟರಾಗಿ ನಿವೃತ್ತರಾದವರು, ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿದ್ದರು. ಅದಕ್ಕೆ ಬೇರೆಯವರು ಬಂದು ಕೇಳಿದ್ದಾರೆ, ಇರ್ತೀರೋ ಬಿಡ್ತೀರೋ ಸಂಜೆಯೊಳಗೆ ಹೇಳಿ ಎಂದು ಮಾಲೀಕ ಪಟ್ಟು ಹಿಡಿದಿದ್ದ. ಒಮ್ಮೆ ಬಿಟ್ಟರೆ ಆ ಬಾಡಿಗೆಗೆ ಇನ್ನೊಂದು ಸಿಗುವ ಹಾಗಿರಲಿಲ್ಲ. "ಕಟ್ಟೋ ತನಕ ನಿಮ್ಮ ಜೊತೆ ಹೇಗೋ ಇರಬಹುದು. ಹೊಸ ಮನೇಲಿ ನಂಗೆ ಜಾಗ ಹೇಗಿದೆ ನೋಡ್ಕೊಂಡು ಹೇಳ್ತೀನಿ" ಎಂದು ಮಗಳಿಗೆ ಹೇಳಿದ್ದರು ಅಪ್ಪ.

ಜಗಳದ ನಂತರ ಇಬ್ಬರೂ ತುಟಿ ಬಿಚ್ಚದೆ ತಮ್ಮ ತಮ್ಮ ಫೈಲು ಚೊಕ್ಕ ಮಾಡಿದರು. ಕರೆಗಂಟೆ ಸದ್ದು ಮಾಡಿತು. ಅವಳು ಎರಡೂ ಫೈಲುಗಳನ್ನು ಒಂದೇ ಹಾಳೆಗೆ ಕೂಡಿಸಿ, ಮತ್ತೆ ನೋಡದೆ ಪ್ರಿಂಟ್ ಒತ್ತಿ ಬಾಗಿಲು ತೆಗೆಯಲು ಎದ್ದಳು.

ಅಪ್ಪ ಕನ್ನಡಕ ಏರಿಸಿ ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಮಗಳು ಅವರ ಕೋಣೆ ತೋರಿಸಿದಳು. ಅಪ್ಪನ ಬೆರಳು ಗೋಡೆಯಗುಂಟ ಒಂದು ಸುತ್ತು ಬಂತು. ನಿಂತಿತು. ಇನ್ನೊಂದು ಸುತ್ತು ಹೋಯಿತು.

"ಅಳಿಯಂದ್ರೇ, ನಾನು ಇದರೊಳಗೆ ಹೋಗೋದು ಹೆಂಗೆ? ಕಿಟಕಿ ಹಾರೋ ವಯಸ್ಸಲ್ಲ ನಂದು."

ಇಬ್ಬರೂ ಬಗ್ಗಿ ನೋಡಿದರು. ಕೋಣೆಗೆ ಬಾಗಿಲೇ ಇರಲಿಲ್ಲ.

"ನಿನ್ನ ಫೈಲಲ್ಲಿ ಇತ್ತಲ್ಲ!" ಎಂದಳು ಅವಳು. "ಒಂದರ ಮೇಲೊಂದು ಗೆರೆ ಯಾಕೆ ಅಂತ ನಾನು ನಂದು ಅಳಿಸ್ದೆ."

"ನಿಂದು ಇದೆಯಲ್ಲ ಅಂತ ನಾನೂ ಅಳಿಸಿದ್ದು."

"ಯಾವಾಗ?"

"ಈಗಷ್ಟೆ. ನಾವು ಮಾತು ಬಿಟ್ಟ ಮೇಲೆ."

ಅಪ್ಪ ಕನ್ನಡಕದ ಮೇಲಿನಿಂದ ಒಮ್ಮೆ ಮಗಳನ್ನು, ಒಮ್ಮೆ ಅಳಿಯನನ್ನು ನೋಡಿದರು. "ಬೇಕೂಂತ ಅಲ್ಲ ತಾನೆ?"

"ಛೆ, ಛೆ, ಏನು ಮಾವ ನೀವು! ಒಂದು ನಿಮಿಷ ಇರಿ."

ಅವನು ತನ್ನ ಮೇಜಿಗೆ ಓಡಿದ. ಅವನನ್ನು ನಂಬಿ ಕೂರುವುದೆಂತು ಎಂದು ಅವಳು ತನ್ನ ಮೇಜಿಗೆ ಓಡಿದಳು. ಎರಡೂ ಮೌಸುಗಳು ಟಕಟಕ ಎಂದವು. ಪ್ರಿಂಟರ್ ಮತ್ತೊಂದು ಹಾಳೆ ಉಗುಳಿತು. ಈ ಸಲ ಅಪ್ಪನೇ ಎದ್ದು ಹೋಗಿ ಎತ್ತಿಕೊಂಡರು.

"ಈಗ ಎರಡು ಬಂದ್ವಲ್ಲಮ್ಮ. ಬಸ್ಸಿಗಾದ್ರೆ ಸರಿ. ಹತ್ತೋಕೊಂದು, ಇಳಿಯೋಕೊಂದು."

ಒಂದು ಬಾಗಿಲು ನಡುಮನೆಗೆ ತೆರೆಯುತ್ತಿತ್ತು. ಇನ್ನೊಂದು ಹೊರಗೆ, ಪಕ್ಕದ ಓಣಿಗೆ.

"ಓಣಿಗೆ ಯಾಕೆ ಹಾಕ್ದೆ?" ಅವಳು ಗಂಡನತ್ತ ತಿರುಗಿದಳು. "ಮೊದಲು ನಡುಮನೆಗೇ ತಾನೆ ಇದ್ದಿದ್ದು?"

"ಅಲ್ಲಿ ಈಗ ಕಂಬ ಅಡ್ಡ ಬರುತ್ತೆ ಕಣೇ. ಬಾಗಿಲು ಪೂರ್ತಿ ತೆಗೆಯೋಕಾಗಲ್ಲ."

"ಓಹೋ. ಅದಕ್ಕೇನಾ ಕಂಬ ದಪ್ಪ ಆಗಿದ್ದು?"

"ನೋಡಿ ಮಾವ, ಏನು ಮಾಡಿದ್ರೂ ಇವಳದು ಇದೇ. ನೀವು ತಲೆ ಕೆಡಿಸ್ಕೋಬೇಡಿ, ಒಂದನ್ನ ತೆಗೆದುಬಿಡ್ತೀವಿ."

"ಹೌದಪ್ಪ, ತೆಗೀತೀವಿ," ಎಂದಳು ಅವಳೂ.

"ಯಾವುದನ್ನ?" ಅಪ್ಪ ಕೇಳಿದರು.

ಎರಡು ತೋರುಬೆರಳು ಒಟ್ಟಿಗೇ ಹಾಳೆಯ ಮೇಲೆ ಬಿದ್ದವು. ಅವಳದು ಓಣಿಯ ಬಾಗಿಲ ಮೇಲೆ, ಅವನದು ನಡುಮನೆಯ ಬಾಗಿಲ ಮೇಲೆ.

ಬೆರಳುಗಳು ಇನ್ನೂ ಅಲ್ಲೇ ಇದ್ದವು. ಅಪ್ಪ ಜೇಬಿನಿಂದ ಫೋನ್ ತೆಗೆದು ಮಾಲೀಕನಿಗೆ ಹೇಳಿದರು:

"ಯಜಮಾನ್ರೇ, ನನ್ನ ಕೋಣೆ ಕೇಳ್ಕೊಂಡು ಬಂದಿದ್ರಲ್ಲ, ಅವರಿಗೆ ಬೇರೆ ಕಡೆ ನೋಡ್ಕೊಳ್ಳೋಕೆ ಹೇಳಿಬಿಡಿ."