ನಡುಗುವ ಕಾಲು

ಕೈ ಜಾರಿತೇ, ತಾನೇ ಬಿಟ್ಟನೇ? ಎರಡು ವರ್ಷದಿಂದ ಜಾರಿತು ಎಂದೇ ಹೇಳಿಕೊಂಡು ಬಂದಿದ್ದ ಅಮರನಾಥನಿಗೆ ಈಗ, ಕೊನೆಯ ರೈಡಿಗೆ ಮುಂಚಿನ ಅರ್ಧ ನಿಮಿಷದ ವಿರಾಮದಲ್ಲಿ, ತನ್ನ ಅಂಗೈಯನ್ನು ನೋಡಿಕೊಳ್ಳಲೂ ಹೆದರಿಕೆಯಾಯಿತು. ಬಿಟ್ಟಿದ್ದ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಎರಡು ವರ್ಷದ ಹಿಂದೆ ಶ್ರೀನಿವಾಸಪುರದ ಕಬಡ್ಡಿ ಫೈನಲ್‌ನಲ್ಲಿ ಅವನು ಲಕ್ಕೂರಿನ ತಂಡಕ್ಕೆ ಆಡಿದ್ದ, ಕದಿರೇಶ್ ರಾಯಲ್ಪಾಡಿಗೆ. ಕೊನೆಯ ರೈಡಿಗೆ ಬಂದ ಕದಿರೇಶನ ಕಾಲು ಅಮರನಾಥನ ಕೈಗೆ ಸಿಕ್ಕಿತು. ಅಮುಕಿ ಹಿಡಿದರೆ ಆ ಮೀನಖಂಡ ನಡುಗುತ್ತಿತ್ತು, ಕಡಿಯಲು ಹಿಡಿದ ಮೇಕೆಮರಿಯ ಕಾಲಿನ ಹಾಗೆ. ಅಮರನಾಥ್ ಬೆರಳು ಸಡಿಲಿಸಿದ. ಕದಿರೇಶ್ ಗೆರೆ ಮುಟ್ಟಿ ಗೆದ್ದ. ಅಂದಿನಿಂದ ಮಾಲೂರಿನಿಂದ ಮುಳಬಾಗಿಲಿನವರೆಗೆ ಒಂದೇ ಮಾತು: ಆಟ ಬಿಗಿಯಾದಷ್ಟೂ ಆ ಹುಡುಗ ಬೆಳೆಯುತ್ತಾನೆ. ಆ ಮಾತೇ ಅವನನ್ನು ಜಿಲ್ಲಾ ತಂಡಕ್ಕೆ ತಂದದ್ದು.

ಈಗ ಇಬ್ಬರ ಮೈಮೇಲೂ ಒಂದೇ ಬಣ್ಣದ ಬನಿಯನ್. ಕೋಲಾರದ ಕ್ರೀಡಾಂಗಣದಲ್ಲಿ ಪಕ್ಕದ ಜಿಲ್ಲೆಯವರ ಎದುರು ಒಂದು ಪಾಯಿಂಟ್ ಹಿಂದಿದ್ದರು. ಉಳಿದಿದ್ದು ಒಂದೇ ರೈಡು. ತಂಡದ ಇನ್ನೊಬ್ಬ ರೈಡರ್ ಉಮೇಶನನ್ನು ಕಳಿಸಿದರೆ ಹೇಗೆ ಎಂದು ಅಮರನಾಥ್ ಮೆಲ್ಲಗೆ ಕೇಳಿದ್ದಕ್ಕೆ ಕೋಚ್ ಕಾಂತರಾಜ್ ನಕ್ಕುಬಿಟ್ಟರು. “ಲೇ, ಕದಿರೇಶ ಕುಕ್ಕರ್ ಇದ್ದಂಗೆ ಕಣೋ. ಪ್ರೆಶರ್ ಏರಿದ್ರೇನೇ ಕೂಗೋದು.”

ಕದಿರೇಶ್ ಅಮರನಾಥನ ತೋಳು ಹಿಡಿದು ನೀರಿನ ಡ್ರಮ್ಮಿನ ಹಿಂದಕ್ಕೆ ಎಳೆದುಕೊಂಡು ಹೋದ. ಮುಂಚಿನ ಒಂದು ರೈಡಿನಲ್ಲಿ ನಾಲ್ಕು ಜನ ಅವನ ಕತ್ತಿನ ಮೇಲೆ ಬಿದ್ದಿದ್ದರು. ಏನೋ ಲಟಕ್ಕೆಂದಿತಂತೆ, ಆಗಿನಿಂದ ಎಡಗೈಯ ಎರಡು ಬೆರಳಿಗೆ ಸ್ಪರ್ಶವೇ ಇಲ್ಲವಂತೆ. ಇದನ್ನು ಅಮರನಾಥನಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ದಿಗಿಲಾದಾಗ ಅವನ ಬಾಯಿಗೆ ತೆಲುಗೇ ಬರುವುದು.

“ನಿಜಂ ಚೆಪ್ಪನ್ನಾ, ನಿಜ ಹೇಳು. ಅವತ್ತು ನಾನೇ ಕಿತ್ಕೊಂಡ್ನಾ, ನೀನು ಬಿಟ್ಟ್ಯಾ? ಬಿಟ್ಟಿದ್ರೆ ಹೇಳ್ಬಿಡು. ಕತ್ತು ನೋಯ್ತಿದೆ ಅಂತ ಸಾರ್‌ಗೆ ಹೇಳಿ ಕುತ್ಕೊಂಬಿಡ್ತೀನಿ.”

ಅಮರನಾಥ್ ಅವನ ಕಾಲು ನೋಡಿದ. ನಡುಗುತ್ತಿತ್ತು. ಒಂದು ಮಾತು ಸಾಕು, ಹುಡುಗ ಬೆಂಚಿನ ಮೇಲೆ ಕೂರುತ್ತಾನೆ. ಆದರೆ ಆ ಮಾತು ಬೆಂಚಿನ ಮೇಲೆ ಕೂರುವುದಿಲ್ಲ. ನಾಳೆ ಲಕ್ಕೂರಿಗೆ ಹೋಗುತ್ತದೆ. ಅಂದು ಜೊತೆಯಲ್ಲಿ ಆಡಿ ಸೋತ ಆರು ಜನ ಮನೆ ಬಾಗಿಲಿಗೆ ಬಂದು, ಎಷ್ಟಕ್ಕೆ ಮಾರಿಕೊಂಡೆ ಎಂದು ಕೇಳುತ್ತಾರೆ. ಕಾಲು ನಡುಗಿತು, ಪಾಪ ಅನ್ನಿಸಿತು ಎಂದರೆ ಯಾರು ನಂಬುತ್ತಾರೆ?

“ಎರಡು ಕೈಯಲ್ಲೂ ಹಿಡಿದಿದ್ದೆ ಕಣೋ,” ಎಂದ. “ನೀನೇ ಕಿತ್ಕೊಂಡೆ.”

ಕದಿರೇಶನ ಕಾಲಿನ ನಡುಕ ನಿಂತಿತು. ಅವನು ಡ್ರಮ್ಮಿನ ಹಿಂದಿನಿಂದ ಅಂಕಣಕ್ಕೆ ಓಡಿದ.

ಯಾವಾಗಲೂ ಎರಡು ಹೆಜ್ಜೆ ಒಳಗಿಟ್ಟು, ತಡಕಾಡಿ, ಹಿಂದೆ ಸರಿಯುತ್ತಿದ್ದವನು ಈ ಸಲ ನೇರವಾಗಿ ಕೊನೆಯ ಗೆರೆಯವರೆಗೂ ಹೋದ. ಒಬ್ಬ ಸೊಂಟ ಹಿಡಿದ. ಇನ್ನೊಬ್ಬ ಹಿಂದಿನಿಂದ ಕತ್ತಿಗೆ ತೋಳು ಹಾಕಿದ. ಮೂವರೂ ಒಟ್ಟಿಗೆ ಬಿದ್ದರು. ಅಡಿಯಿಂದ ಕಬಡ್ಡಿ ಕಬಡ್ಡಿ ಎಂಬ ದನಿ ಕೇಳುತ್ತಲೇ ಇತ್ತು. ನಡುಗೆರೆಯ ಈಚೆ ನಿಂತ ಅಮರನಾಥ್ ತಾನೂ ಉಸಿರು ಹಿಡಿದಿದ್ದ. ಮೈಮೇಲಿದ್ದ ಇಬ್ಬರನ್ನೂ ಎಳೆದುಕೊಂಡು ಆ ಹುಡುಗ ತೆವಳಿ ತೆವಳಿ ಬಂದ. ಬಲಗೈ ಗೆರೆ ಮುಟ್ಟಿತು. ಸೀಟಿ ಕೇಳಿಸಿತು. ಎರಡು ಪಾಯಿಂಟ್.

ಎಲ್ಲರೂ ಅವನನ್ನು ಹೊತ್ತುಕೊಂಡು ಕುಣಿದರು. ನಾನು ಹೇಳಲಿಲ್ವಾ ಎಂದು ಕಾಂತರಾಜ್ ಕಂಡಕಂಡವರ ಬೆನ್ನು ತಟ್ಟುತ್ತಿದ್ದರು. ಕೆಳಗಿಳಿಸಿದಾಗ ಕದಿರೇಶನ ತಲೆ ಒಂದು ಪಕ್ಕಕ್ಕೆ ವಾಲಿಕೊಂಡೇ ಇತ್ತು. ನಗುತ್ತಿದ್ದ. ಎಡಗೈಯನ್ನು ಬಲಗೈಯಿಂದ ಎತ್ತಿ ಅಮರನಾಥನಿಗೆ ತೋರಿಸಿದ.

“ಈಗ ಐದು ಬೆರಳೂ ಗೊತ್ತಾಗ್ತಿಲ್ಲಣ್ಣ. ಪರ್ವಾಗಿಲ್ಲ. ಭಾನುವಾರ ರಾಜ್ಯದ ಆಟದಲ್ಲೂ ಕೊನೇ ರೈಡ್ ನಂದೇ.”

ಹೋಗಬೇಡ ಎಂದು ಅಮರನಾಥ್ ಆಗ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಕದಿರೇಶ್ ಬಸ್ಸು ಹತ್ತುವಾಗಲೂ ಹೇಳಲಿಲ್ಲ.