ಎಡಗಡೆಯ ಗುಂಡಿ

ಸೈರನ್ ಕೋಣೆಯಲ್ಲಿ ಲವೀನಿಯಾ ಕಂಪ್ಯೂಟರ್ ಪರದೆಯ ಮೇಲಿನ ಗುಂಡಿ ಮುಟ್ಟಿದಳು. ಸೈರನ್ ಕೂಗಲಿಲ್ಲ. ಹತ್ತು ಗಂಟೆಗೆ ಸುನಾಮಿ ತಾಲೀಮು ಎಂದು ದ್ವೀಪದ ಹಿರಿಯರಿಗೆಲ್ಲ ತಿಳಿಸಿದ್ದರು, ಮಕ್ಕಳಿಗೆ ಮಾತ್ರ ಹೇಳಿರಲಿಲ್ಲ. ಕಿಟಕಿಯಾಚೆ, ಕಡಲ ಪಕ್ಕದ ಶಾಲೆಯಲ್ಲಿ, ಗುಡ್ಡದ ಕಡೆ ಓಡಬೇಕಾದ ಮಕ್ಕಳು ಆಡುತ್ತಲೇ ಇದ್ದರು. ಅವರಲ್ಲಿ ಅವಳ ಮೊಮ್ಮಗಳೂ ಇದ್ದಳು.

"ಬೆಳಿಗ್ಗೆ ಮರಗೆಣಸು ಜಾಸ್ತಿ ಆಯ್ತಾ ಅತ್ತೆ? ನಿದ್ದೆಗಣ್ಣಲ್ಲಿ ಒತ್ತಿದ್ರೇನೋ," ಎಂದು ಲೊಪೆತಿ ನಕ್ಕ. ವಿಂಡೋಸ್‌ನಲ್ಲಿದ್ದ ಸೈರನ್ ತಂತ್ರಾಂಶವನ್ನು ಮೂರು ತಿಂಗಳು ಕೂತು ಲಿನಕ್ಸ್‌ಗೆ ತಂದವನು ಅವನೇ. ಹಳೆಯ ಕಂಪ್ಯೂಟರ್ ನಾಳೆಯ ಹಡಗಿನಲ್ಲಿ ಮುಖ್ಯ ದ್ವೀಪ ಟೋಂಗಾಟಾಪುವಿಗೆ ಹೊರಡುವುದಿತ್ತು.

"ಹತ್ತೊಂಬತ್ತು ವರ್ಷದಿಂದ ಒತ್ತುತ್ತಾ ಇದೀನಿ. ನೀನಾಗ ಚಡ್ಡಿ ಹಾಕ್ಕೋ ಅಂದ್ರೆ ಅಳ್ತಿದ್ದೆ."

ಅವನು ದಾಖಲೆ ತೆಗೆದು ನೋಡಿದ. ಹತ್ತು ಗಂಟೆ: ರದ್ದು. ನಗು ನಿಂತಿತು. ಸೈರನ್ನಿನ ತಂತಿ ಬಿಡಿಸಿ ಬಂದು ಹೇಳಿದ: "ಇನ್ನೊಂದ್ಸಲ ಒತ್ತಿ. ನಿಮ್ಮ ಅಭ್ಯಾಸದ ಹಾಗೇ."

ಅವಳು ಪರದೆ ನೋಡಲಿಲ್ಲ. ನೆಲ ನಡುಗುವಾಗ ಕಣ್ಣು ಕಡಲಿನ ಮೇಲಿರಬೇಕು. ಬೆರಳು ತಾನಾಗಿ ಎಡಕ್ಕೆ ಹೋಯಿತು. ಎಡಕ್ಕೆ ಈಗ 'ಬೇಡ' ಇತ್ತು, 'ಕೂಗಿಸು' ಬಲಕ್ಕೆ ಸರಿದಿತ್ತು. ಯಾವುದನ್ನು ಒತ್ತಿದರೂ, ಸೈರನ್ ಕೂಗಿಸಲೇ ಎಂದು ಕೇಳುವ ಪೆಟ್ಟಿಗೆ ಪರದೆಯಿಂದ ಒಂದೇ ಥರ ಮಾಯವಾಗುತ್ತಿತ್ತು.

"ನಾನು ಜಾಗ ಬದಲಿಸಿಲ್ಲ ಅತ್ತೆ. ಗುಂಡಿ, ಪೆಟ್ಟಿಗೆ ಎಲ್ಲ ಪರದೆ ಮೇಲೆ ಬಿಡಿಸಿಕೊಡೋ ಟೂಲ್‌ಕಿಟ್ ಅಂತ ಇರುತ್ತೆ. ನಾನು ಆರಿಸಿದ್ದರಲ್ಲಿ ಗುಂಡಿಗಳ ಕ್ರಮವೇ ಹೀಗೆ, ಎಲ್ಲ ಪೆಟ್ಟಿಗೆಯಲ್ಲೂ. ಹಳೇ ಕ್ರಮ ಉಳಿಸೋದು ಇನ್ನೊಂದಿತ್ತು. ಇದು ಚೆನ್ನಾಗಿ ಕಾಣ್ತು, ತಗೊಂಡೆ." ಅವನು ಮೇಜಿನಿಂದ ಪೆನ್ನು ಎತ್ತಿಕೊಂಡ. "ಒಂದು ಚೀಟಿ ಅಂಟಿಸ್ಲಾ?"

"ನೀರು ಬರ್ತಿರೋವಾಗ ಚೀಟಿ ಓದ್ತಾ ಕೂರ್ಲಾ ಮಗಾ?"

ಅವನು ಪೆನ್ನು ಕೆಳಗಿಟ್ಟ. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಟೂಲ್‌ಕಿಟ್‌ನಲ್ಲಿ ಆ ಒಂದು ಪೆಟ್ಟಿಗೆಯನ್ನಷ್ಟೇ ಕಟ್ಟಿ ತಂದ. ಉಳಿದ ಪೆಟ್ಟಿಗೆಗಳಿಗಾಗಿ ಮೂರು ತಿಂಗಳ ಕೆಲಸ ಇನ್ನು ಮೊದಲಿಂದ. ಅದು ಮುಗಿಯುವ ತನಕ ಹಳೆಯ ಕಂಪ್ಯೂಟರ್ ಹಡಗು ಹತ್ತುವುದಿಲ್ಲ. 'ಕೂಗಿಸು' ಎಡಕ್ಕೆ ಬಂದಿತ್ತು.

"ಈಗ ಒತ್ತಿ ಅತ್ತೆ. ಎಲ್ಲ ಮೊದಲಿನ ಹಾಗೇ ಇದೆ."

ಲವೀನಿಯಾ ಕಡಲ ಕಡೆ ತಿರುಗಿ ಕೈ ಚಾಚಿದಳು. ಬೆರಳು ಎಡಕ್ಕೆ ಹೊರಟು, ತಡೆದು, ಬಲಕ್ಕೆ ವಾಲಿ, ಎರಡು ಗುಂಡಿಗಳ ನಡುವೆ ಗಾಳಿಯಲ್ಲಿ ನಿಂತುಬಿಟ್ಟಿತು.

"ಯಾವ ಕಡೆ ಅಂದೆ?" ಎಂದಳು.