ಓಡಿ ಬಂದ ತೂಕ

ಭತ್ತದ ಟ್ರ್ಯಾಕ್ಟರನ್ನು ಯಂಕೋಬನ ಗಾಡಿ ತೂಗುವ ಕಾಟಾದ ಮೇಲೆ ನಿಲ್ಲಿಸಿ ಒಳಗೆ ಬಂದ ಹೇಮಪ್ಪ, ಕಂಪ್ಯೂಟರಿನ ಪರದೆ ನೋಡಿದವನೇ ತೂಕದ ಚೀಟಿ ಬೇಡವೆಂದ. ಸೊನ್ನೆಯಿಂದ ಹೊರಟ ಹಸಿರು ಅಂಕಿಗಳು ಗರಗರ ತಿರುಗುತ್ತ ಏರಿ ಒಂದು ಕಡೆ ನಿಂತಿದ್ದವು.

“ಗಾಡಿ ನಿಂತೈತಿ. ತೂಕ ಯಾಕ ಓಡಿ ಬಂತ್ರಿ, ಸಾವ್ಕಾರ್ರ?”

ಅದು ಬರೀ ಚೆಂದಕ್ಕೆ ಎಂದ ಯಂಕೋಬ.

“ತೂಕ ಅಂದ್ರ ಲಗ್ನದ ಹುಡುಗೇನ್ರಿ, ಸಿಂಗಾರ ಮಾಡಾಕ?”

ಹೇಮಪ್ಪ ಗಾಡಿ ತಿರುಗಿಸಿಕೊಂಡು ರಸ್ತೆಯಾಚೆಯ ಹೊಸ ಕಾಟಾಕ್ಕೆ ಹೋದ. ಹಿಂದೆ ಸಾಲಿನಲ್ಲಿದ್ದವರೂ ಹೋದರು. ಈ ಸುಗ್ಗಿ ಹೀಗೇ ಸರಿದರೆ ಗಂಗಾವತಿ ರಸ್ತೆಯ ತನ್ನ ಹಳೆಯ ಕಾಟಾಕ್ಕೆ ಬೀಗ ಬೀಳುವುದೇ ಸೈ ಎಂದು ಯಂಕೋಬನಿಗೆ ತಿಳಿಯಿತು.

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಈ ತೂಕದ ಪ್ರೋಗ್ರಾಮು ಬರೆದವಳು ಅವನ ಸೊಸೆ ಮಹೇಶ್ವರಿ. ಪರದೆಯ ಮೇಲೆ ತೂಕ ತೋರಿಸುವ ಕಿಟಕಿ ಕಟ್ಟಲು ಟೂಲ್‌ಕಿಟ್ ಎಂಬ ಸಿದ್ಧ ಸಲಕರಣೆ ಎರಡು ನೋಡಿದ್ದೇನೆಂದು ಅವಳು ಮೊದಲೇ ಹೇಳಿದ್ದಳು. ಟಿಕಿಂಟರ್ ಪೈಥಾನಿನ ಜೊತೆಗೇ ಬರುತ್ತದೆ. ಬೂದಿ ಬಣ್ಣ, ಹಗುರ, ಸಪ್ಪೆ. ಇನ್ನೊಂದು, ಕ್ಯೂಟಿಯನ್ನು, ಬೇರೆ ತಂದು ಹಾಕಬೇಕು. ಥಳಥಳ ಹೊಳೆಯುತ್ತದೆ, ಅಂಕಿ ಕುಣಿಸುತ್ತದೆ. ಸಪ್ಪೆಯದು ಸಾಕೆಂದಿದ್ದಳು ಸೊಸೆ. ಹೊಳೆಯುವುದನ್ನು ಆರಿಸಿದವನು ಮಾವ. ಈಗ ಅವಳು ಆ ಮಾತು ಎತ್ತಲಿಲ್ಲ. ಕುಣಿತವೊಂದನ್ನೇ ತೆಗೆಯಬಹುದೆಂದಳು. ಹೊಳಪೇ ಬೇಡವೆಂದ ಯಂಕೋಬ.

ಮರುದಿನ ಪರದೆಯ ಮೇಲೆ ಬೂದಿ ಬಣ್ಣದ ಕಿಟಕಿ ಬಂತು. ಯಂಕೋಬ ತಾನೇ ಹೋಗಿ ಹೇಮಪ್ಪನನ್ನು ಒಪ್ಪಿಸಿ ಕರೆತಂದ. ಗಾಡಿ ಕಾಟಾ ಹತ್ತಿತು. ಮಹೇಶ್ವರಿ ಗುಂಡಿ ಒತ್ತಿದಳು. ತೂಕ ಟಕ್ಕನೆ ಮೂಡಿತು. ಹೇಮಪ್ಪ ಪರದೆ ನೋಡಿದ, ಗಾಡಿ ನೋಡಿದ.

“ಇದು ಮೊದ್ಲ ಬರದಿಟ್ಟಂಗ ಐತಲ್ರಿ.”

ಯಂಕೋಬನ ಕಣ್ಣು ರಸ್ತೆಯಾಚೆಯ ಗಾಡಿಗಳ ಸಾಲಿನತ್ತ ಹೋಯಿತು. ಮಹೇಶ್ವರಿ ಹೇಮಪ್ಪನಿಗೆ ಚಹಾ ಕೊಟ್ಟಳು. ಅವನು ಕುಡಿದು ಮುಗಿಸುವಷ್ಟರಲ್ಲಿ ಪ್ರೋಗ್ರಾಮಿಗೆ ಒಂದಿಷ್ಟು ಸಾಲು ಸೇರಿಸಿ ಮತ್ತೆ ಗುಂಡಿ ಒತ್ತಿದಳು. ಅಂಕಿ ತುಸು ಮೇಲೇರಿತು, ತುಸು ಕೆಳಗಿಳಿಯಿತು, ಸಂತೆಯ ತಕ್ಕಡಿಯ ಮುಳ್ಳಿನಂತೆ ಇನ್ನೊಮ್ಮೆ ತೂಗಾಡಿ, ಮೊದಲಿದ್ದ ತೂಕಕ್ಕೇ ಬಂದು ನಿಂತಿತು.

“ಹಾಂ, ಈಗ ತೂಗಿತು,” ಎಂದು ಹೇಮಪ್ಪ ಚೀಟಿಗೆ ಕೈ ಚಾಚಿದ.

ಟ್ರ್ಯಾಕ್ಟರ್ ಹೋದ ಮೇಲೆ, ಇದ್ಯಾವ ಮೂರನೆಯ ಟೂಲ್‌ಕಿಟ್ ಎಂದು ಯಂಕೋಬ ಸೊಸೆಯನ್ನು ಕೇಳಿದ.

“ಅದ ಬೂದಿ ಬಣ್ಣದ್ದರಿ, ಮಾವಾರ. ತೂಕ ಅದಕ್ಕ ಆಗಲೇ ಗೊತ್ತಿತ್ತು. ಸ್ವಲ್ಪ ಅನುಮಾನ ಮಾಡೂದು ಕಲಿಸೀನ್ರಿ, ಅಷ್ಟ.”